ಮೊದಲ ಚಮಚ

ನನ್ನ ಅತ್ತೆಗೆ ನಾಲ್ಕು ಜನಕ್ಕೆ ಅಡುಗೆ ಮಾಡಲು ಬರುವುದಿಲ್ಲ. ದೂರು ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಇನ್ನೂರು ರೋಗಿಗಳಿಗೆ ಬೇಯಿಸಿ ಹಾಕಿದ ಕೈ ಅದು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಆಲೂಗಡ್ಡೆ ಹೆಚ್ಚಲು ಕೂತರೆ ಬುಟ್ಟಿ ಖಾಲಿಯಾಗುವವರೆಗೂ ಏಳುವುದಿಲ್ಲ. ಮನೆಯಲ್ಲಿರುವುದು ಅತ್ತೆ, ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನಾನು, ಹದಿಮೂರು ವರ್ಷದ ಮಗಳು, ಇಷ್ಟೇ. ಮಗಳನ್ನು ಎಲ್ಲರೂ ವಕೀಲಮ್ಮ ಎಂದೇ ಕರೆಯುವುದು. ಹಲ್ಲುಜ್ಜು ಅಂದರೂ ಯಾಕೆ, ಎಷ್ಟು ಹೊತ್ತಿಗೆ, ಹಾಗಂತ ಯಾರು ಹೇಳಿದ್ದು ಎಂದು ಕೇಳುವ ಹುಡುಗಿ.

ನಾಲ್ವರೂ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಇನ್ನೂ ಆರು ಜನಕ್ಕಾಗುವಷ್ಟು ಇರುತ್ತಿತ್ತು. ಆದರೂ ನಮ್ಮ ಮನೆಯ ಕಸದ ಬುಟ್ಟಿಗೆ ಅನ್ನದ ಒಂದು ಅಗುಳು ಬಿದ್ದದ್ದನ್ನು ನಾನು ನೋಡಿರಲಿಲ್ಲ. ಇವತ್ತಿನ ಅನ್ನ ನಾಳೆ ಆಲೂಗಡ್ಡೆಯ ಜೊತೆ ಸೇರಿ ಕಾವಲಿಯ ಮೇಲೆ ಗರಿಗರಿ ಬಿಲ್ಲೆಗಳಾಗುತ್ತಿತ್ತು. ಒಣಗಿದ ಬ್ರೆಡ್ಡು ಪುಡಿಯಾಗಿ ಡಬ್ಬಿ ಸೇರುತ್ತಿತ್ತು. ಹೂಕೋಸಿನ ದಂಟು, ಸೊಪ್ಪಿನ ಕಡ್ಡಿ, ಬಟಾಣಿ ಸಿಪ್ಪೆ ಎಲ್ಲ ಕುದಿದು ಸೋಸಿ ಸೂಪಿನ ನೀರಾಗುತ್ತಿತ್ತು.

"ಅಮ್ಮ, ಇದು ಮೊನ್ನೆಯ ಕೋಸಲ್ವಾ?" ಎಂದು ಗಂಡ ತಟ್ಟೆ ನೋಡಿ ಕೇಳುತ್ತಿದ್ದರು.

"ಮೊನ್ನೆ ಕೋಸಾಗಿತ್ತು. ಇವತ್ತು ಅದಕ್ಕೆ ಬಡ್ತಿ ಸಿಕ್ಕಿದೆ. ಸುಮ್ನೆ ತಿನ್ನು."

ಈ ಎಲ್ಲ ವ್ಯವಹಾರ ನಿಂತಿದ್ದು ಅತ್ತೆಯ ಮೂಗಿನ ಮೇಲೆ. ಬೆಳಗ್ಗೆ ನಾವು ಹೊರಡುವ ಗಡಿಬಿಡಿಯಲ್ಲಿ ಅವರು ಫ್ರಿಜ್ಜಿನಿಂದ ಒಂದೊಂದೇ ಪಾತ್ರೆ ತೆಗೆದು, ಮುಚ್ಚಳ ಬೆರಳಷ್ಟು ಎತ್ತಿ, ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. 'ಇರ್ಲಿ' ಅಂದರೆ ಇತ್ತು, 'ಹೋಗ್ಲಿ' ಅಂದರೆ ಬಾಲ್ಕನಿಯ ಗೊಬ್ಬರದ ಕುಂಡಕ್ಕೆ ಹೋಯಿತು. ಮೇಲ್ಮನವಿ ಇಲ್ಲ. ಒಗ್ಗರಣೆ ನಾನು ಹಾಕಬಹುದಿತ್ತು, ತರಕಾರಿ ಗಂಡ ಹೆಚ್ಚಬಹುದಿತ್ತು, ಉಪ್ಪಿನ ಡಬ್ಬಿ ಮಾತ್ರ ಅವರ ಕೈ ಬಿಟ್ಟು ಕದಲುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ನಾನು ಉಪ್ಪು ಹಾಕಲು ಹೋಗಿ, 'ಅದು ಹಾಗಲ್ಲಮ್ಮ' ಅನ್ನಿಸಿಕೊಂಡು, ಆ ಡಬ್ಬಿಯ ಸಹವಾಸವೇ ಬೇಡ ಎಂದು ಸುಮ್ಮನಾಗಿದ್ದೆ.

ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಎದ್ದ ಮೇಲೆ ವಕೀಲಮ್ಮನ ಜೊತೆ ಹೊಸದೊಂದು ಆಟ ಶುರುವಾಯಿತು.

"ಬಾರೇ ಇಲ್ಲಿ. ಕಣ್ಣು ಮುಚ್ಕೊ. ಹೇಳು ನೋಡೋಣ, ಇದೇನ್ ವಾಸನೆ?"

"ಬೇಳೆ."

"ಬೇಳೆ ಅಂತ ಎಲ್ರೂ ಹೇಳ್ತಾರೆ. ಹೇಗಿದೆ ಬೇಳೆ?"

"ಚೆನ್ನಾಗಿದೆ. ನೆನ್ನೆ ಥರಾನೇ ಇದೆ."

"ಹಾಂ, ಜಾಣೆ! ಇರ್ಲಿ."

ಅಜ್ಜಿ ಮೊಮ್ಮಗಳಿಗೆ ಅಡುಗೆ ಕಲಿಸುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿ. ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುತ್ತ ಪಕ್ಕದವಳಿಗೆ ಹೇಳಿಕೊಂಡೂ ಇದ್ದೆ. ದಿನಾ ಹತ್ತು ಜನರಿಗೆ ಕಣ್ಣು ಕಾಣುವಂತೆ ಮಾಡುವವಳು ನಾನು. ಮನೆಯಲ್ಲಿ ಎದುರಿಗೆ ನಡೆಯುತ್ತಿದ್ದದ್ದು ಕಾಣಲಿಲ್ಲ.

ಬಿಸಿಲು ಏರತೊಡಗಿದ ವಾರ. ಮಗಳಿಗೆ ನೆಗಡಿ. ಅವತ್ತು ಅವಳಿಗೆ ಅರ್ಧ ದಿನದ ಶಾಲೆ. ನಾನು ಬ್ರೆಡ್ಡು ಮೊಟ್ಟೆ ಕಟ್ಟಿಕೊಂಡು ಹೋಗಿದ್ದೆ, ಗಂಡನಿಗೆ ಕೆಲಸದ ಜಾಗದಲ್ಲೇ ಊಟ. ಹಿಂದಿನ ದಿನ ಮಾಡಿದ ಕಾಳು ಟೊಮೆಟೊ ಸೂಪನ್ನು ಅತ್ತೆ ಬಿಸಿ ಮಾಡಿ ಮಗಳಿಗೆ ಹಾಕಿದರು. ಆ ಪಾತ್ರೆ ಫ್ರಿಜ್ಜಿನಲ್ಲಿ ಜಾಗವಿಲ್ಲದೆ ಹಿಂದಿನ ದಿನ ಸಂಜೆಯವರೆಗೂ ಒಲೆಯ ಪಕ್ಕದಲ್ಲೇ ಕೂತಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಸಂಜೆ ನಾನು ಮನೆಗೆ ಬಂದಾಗ ಮಗಳು ಬಚ್ಚಲಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಅತ್ತೆ ಅವಳ ತಲೆ ಹಿಡಿದುಕೊಂಡಿದ್ದರು. ಆಟೊ ಹಿಡಿದು ಡಾಕ್ಟರ ಹತ್ತಿರ ಓಡಿದೆವು. ಏನು ತಿಂದಳು ಎಂದು ಅವರು ಕೇಳಿದಾಗ ಅತ್ತೆಯೇ ಸಣ್ಣ ದನಿಯಲ್ಲಿ, "ಸೂಪು. ನೆನ್ನೇದು," ಎಂದರು.

ಎರಡು ದಿನಕ್ಕೆ ಮಗಳು ಎದ್ದು ಕೂತಳು. ಅಷ್ಟು ಹೊತ್ತಿಗೆ ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ನಿಂತಿತ್ತು. ಬೆಳಗ್ಗೆ ಅತ್ತೆ ಎಂದಿನಂತೆ ಫ್ರಿಜ್ಜಿನ ಬಾಗಿಲು ತೆರೆದದ್ದೇ ನೆಪವಾಯಿತು.

"ಅದೇನು ತೆಗೀತಿದ್ದೀರಿ?"

"ಅನ್ನ ಇತ್ತು. ಬಿಲ್ಲೆ ಮಾಡೋಣ ಅಂತ..."

"ಸಾಕತ್ತೆ! ನಮ್ಮನೆ ಏನು ಆಸ್ಪತ್ರೆಯಾ? ಉಳಿದದ್ದು ಬಳಿದದ್ದೆಲ್ಲ ತಿನ್ನಿಸಿ ಮಗೂನ ಆಸ್ಪತ್ರೆಗೇ ಕಳಿಸಿದ್ರಲ್ಲ! ಇನ್ಮೇಲೆ ಒಲೆ ಹತ್ರ ಬರ್ಬೇಡಿ. ನಾನೇ ಮಾಡ್ಕೋತೀನಿ."

ಅತ್ತೆ ವಾದ ಮಾಡುತ್ತಾರೆ, ನಾಲ್ಕು ಮಾತು ತಿರುಗಿಸಿ ಅನ್ನುತ್ತಾರೆ ಎಂದು ನಾನು ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆ. ಅವರು ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿದರು. ಸೆರಗಿಗೆ ಕೈ ಒರೆಸಿಕೊಂಡರು. ಉಪ್ಪಿನ ಡಬ್ಬಿಯನ್ನು ಮೇಲಿನ ಅಟ್ಟದಿಂದ ತೆಗೆದು ನನಗೆ ಎಟಕುವ ಹಾಗೆ ಕಟ್ಟೆಯ ಮೇಲಿಟ್ಟು, ಹೊರಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಹೀಗೆ ನನ್ನ ಆಡಳಿತ ಆರಂಭವಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಲೋಟದಲ್ಲಿ ಅಳೆದು ಅಕ್ಕಿ ಹಾಕುತ್ತಿದ್ದೆ. ನಾಲ್ಕು ಜನಕ್ಕೆ ನಾಲ್ಕು ಮೊಟ್ಟೆ, ಎಂಟು ತುಂಡು ಬ್ರೆಡ್ಡು. ಉಳಿಯುವ ಮಾತೇ ಇಲ್ಲ ಎಂದು ಬೀಗಿದೆ. ಒಂದೇ ವಾರಕ್ಕೆ ಅರ್ಧ ಕೋಸು ಚೀಲದಲ್ಲೇ ಕಪ್ಪಾಯಿತು. ಟೊಮೆಟೊ ಕೊಳೆತು ಬುಟ್ಟಿಯ ತಳ ಹಿಡಿಯಿತು. ಬ್ರೆಡ್ಡಿಗೆ ಹಸಿರು ಬೂಷ್ಟು ಬಂತು. ಗಂಡನಿಗೆ ಲಿಫ್ಟಿನ ಕರೆ ಬಂದು ಊಟಕ್ಕೆ ಬಾರದ ದಿನ ಅವರ ಪಾಲು ಹಾಗೇ ಉಳಿದು, ಅದನ್ನು ಏನು ಮಾಡುವುದೋ ಗೊತ್ತಾಗದೆ, ಹೆದರಿ, ಬುಟ್ಟಿಗೆ ಸುರಿದೆ. ಕಸದವಳು ಮೆಟ್ಟಿಲ ಬಳಿ ನಿಂತು, "ಏನಕ್ಕಾ, ನಿಮ್ಮನೆ ಬುಟ್ಟಿ ಈಗ ಭಾರ ಬಂದಿದೆ?" ಎಂದಳು. ತಮಾಷೆಗೇ ಹೇಳಿದ್ದು. ನನಗೆ ಮುಖ ಎತ್ತಲಾಗಲಿಲ್ಲ.

ಅತ್ತೆ ಹಾಕಿದ್ದನ್ನು ಉಣ್ಣುತ್ತಿದ್ದರು. ಸಾಕು, ಬೇಕು ಅನ್ನುತ್ತಿರಲಿಲ್ಲ. ಬಟ್ಟೆ ಮಡಿಸುವುದು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುವುದು. ನಾನು ಸಿಪ್ಪೆ ತುಂಬಿದ ಬುಟ್ಟಿ ಹಿಡಿದು ಬಾಗಿಲಿಗೆ ಹೋಗುವಾಗ ಮಾತ್ರ ಕಣ್ಣು ಕಿಟಕಿಯ ಆಚೆ ತಿರುಗಿಸಿಕೊಳ್ಳುತ್ತಿದ್ದರು.

"ಅಮ್ಮನ ಹತ್ರ ಮಾತಾಡಬಾರದಾ?" ಎಂದರು ಗಂಡ ಒಂದು ಬೆಳಗ್ಗೆ, ಶೂ ದಾರ ಕಟ್ಟುತ್ತ.

"ನೀವು ಮಾತಾಡಿ. ನಿಮ್ಮಮ್ಮ ಅಲ್ವಾ?"

"ಅವರ ಹತ್ರ ಹೋದ್ರೆ, ಅವಳು ಹೇಳಿದ್ದು ಸರಿ ಕಣೋ ಅಂತಾರೆ. ನಿನ್ನ ಹತ್ರ ಬಂದ್ರೆ ಹೀಗಂತೀಯ. ಎರಡು ಮಹಡಿ ಮಧ್ಯೆ ನಿಂತ ಲಿಫ್ಟ್ ಆಗ್ಬಿಟ್ಟಿದ್ದೀನಿ ನಾನು."

"ರಿಪೇರಿ ಮಾಡೋದು ನಿಮ್ಮ ಕೆಲ್ಸಾನೇ ಅಲ್ವಾ?" ಎಂದೆ. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಸರಿಯಾಗಿ ಮೂರನೆಯ ವಾರದ ಭಾನುವಾರ. ಕಟ್ಟೆಯ ಮೇಲೆ ನಾನಿಟ್ಟ ಹಾಲು ಉಕ್ಕಿ, ಒಲೆಯ ಮೇಲೆ ಸುರಿದು, ಸೀದು, ಮನೆಯೆಲ್ಲ ಗಬ್ಬೆದ್ದಿತ್ತು. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲಿಂದಲೇ ಮೂಗು ಹಿಡಿದು ಓಡಿಬಂದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಮೂರು ಮಾರು ದೂರದಲ್ಲಿ, ಟವೆಲ್ ಮಡಿಸುತ್ತ ಕೂತೇ ಇದ್ದರು.

"ಒಂದು ಮಾತು ಹೇಳಬಾರದಿತ್ತಾ ಅತ್ತೆ? ಅಷ್ಟು ಸಿಟ್ಟಾ ನನ್ನ ಮೇಲೆ?"

ಅತ್ತೆ ಗಾಬರಿಯಿಂದ ತಿರುಗಿ, "ಯಾಕೆ, ಏನಾಯ್ತು?" ಎಂದರು.

ವಕೀಲಮ್ಮ ಪುಸ್ತಕ ಮುಚ್ಚಿ ಎದ್ದು ನಿಂತಳು. ಅಜ್ಜಿಯನ್ನು ಒಮ್ಮೆ, ಒಲೆಯನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಎರಡು ಲೋಟ ತಂದು ಅಜ್ಜಿಯ ಮುಂದಿಟ್ಟಳು. ಎರಡೂ ನೀರಿನ ಹಾಗೇ ಕಾಣುತ್ತಿದ್ದವು.

"ಅಜ್ಜಿ, ಇದ್ರಲ್ಲಿ ನೀರು ಯಾವ್ದು? ಮೂಸಿ ಹೇಳು. ಕುಡಿಯೋ ಹಾಗಿಲ್ಲ."

"ಏನೇ ಇದು ತಲೆಹರಟೆ?" ಎಂದೆ ನಾನು.

"ಅಮ್ಮ, ನೀನು ಸುಮ್ನಿರು. ಅಜ್ಜಿ, ಹೇಳು."

ಅತ್ತೆ ಮೊದಲ ಲೋಟ ಮೂಸಿದರು. ಎರಡನೆಯದನ್ನೂ ಮೂಸಿದರು. ಬಲಗಡೆಯ ಲೋಟದ ಮೇಲೆ ಬೆರಳಿಟ್ಟರು. ನಾನು ನಿಂತಿದ್ದ ಜಾಗಕ್ಕೇ ಅದರ ಘಾಟು ಬರುತ್ತಿತ್ತು. ಅದು ವಿನೆಗರ್.

"ಅಜ್ಜಿ ನನ್ನ ಜೊತೆ ಆಟ ಆಡ್ತಾನೇ ಇರ್ಲಿಲ್ಲ," ಎಂದಳು ಮಗಳು. "ನಿಜವಾಗ್ಲೂ ಕೇಳ್ತಿದ್ರು. ಅವತ್ತು ನನಗೆ ನೆಗಡಿ. ನಾನು ಹುಳಿ ಇದೆ ಅಜ್ಜಿ ಅಂದೆ, ಟೊಮೆಟೊ ಕಣೇ ಅಂದ್ರು. ನನಗೂ ವಾಸನೆ ಬರ್ಲಿಲ್ಲ."

ಅತ್ತೆ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚು ತೀಡುತ್ತ ಕೂತರು.

"ಜ್ವರ ಬಿಟ್ಟ ದಿನದಿಂದ," ಎಂದರು ಕೊನೆಗೆ. "ಏನೂ ಇಲ್ಲ. ಸೋಪೂ ಇಲ್ಲ, ಸೊಪ್ಪೂ ಇಲ್ಲ. ಇವತ್ತು ಬರತ್ತೆ, ನಾಳೆ ಬರತ್ತೆ ಅಂತ ಕಾಯ್ತಾ ಇದ್ದೆ."

"ಹೇಳೋದಲ್ವಾ ಅತ್ತೆ!"

"ಹೇಗೆ ಹೇಳ್ಲಿ? ಮೂಗಿಲ್ಲದ ಅಡುಗೆಯವಳನ್ನ ಯಾರು ಇಟ್ಕೋತಾರೆ?"

ಇಟ್ಕೋತಾರೆ! ಆ ಮಾತು ಕೇಳಿ ಗಂಡ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಬಂದು ತಾಯಿಯ ಪಕ್ಕ ನೆಲದಲ್ಲೇ ಕೂತರು.

"ಅಮ್ಮ, ನೀನೇನು ನಮ್ಮನೇಲಿ ಕೆಲಸಕ್ಕಿದ್ದೀಯಾ?"

"ನಿನಗೆ ಗೊತ್ತಿಲ್ಲ ಕಣೋ," ಎಂದು ಅತ್ತೆ ನಾವು ಯಾರೂ ಕೇಳಿರದ ಒಂದು ಕಥೆ ಹೇಳಿದರು. ಅವರು ಆಸ್ಪತ್ರೆಗೆ ತರಕಾರಿ ಹೆಚ್ಚಲು ಸೇರಿದ ಹೊಸದರಲ್ಲಿ ಅಲ್ಲೊಬ್ಬರು ದೊಡ್ಡ ಅಡುಗೆಯವರಿದ್ದರಂತೆ. ಚಿನ್ನದಂಥ ಮನುಷ್ಯ. ಒಲೆಯ ಮುಂದೆ ನಿಲ್ಲುವುದು, ಪಾತ್ರೆ ತೂಗುವುದು, ಎಲ್ಲ ಕಲಿಸಿದವರು ಅವರೇ. ವಯಸ್ಸಾಗಿ ಅವರಿಗೆ ವಾಸನೆ ಹೋಯಿತು. ಅವರು ಮುಚ್ಚಿಟ್ಟುಕೊಂಡರು. ಅದನ್ನು ಕಂಡುಹಿಡಿದು ಮೇಲಿನವರಿಗೆ ಹೇಳಿದ್ದು ಅತ್ತೆಯೇ.

"ರೋಗಿಗಳ ಹೊಟ್ಟೆ ವಿಷ್ಯ, ಹೇಳಲೇಬೇಕಿತ್ತು. ಅವರನ್ನ ಹಿಂಬಾಗಿಲ ಹತ್ರ ಆಲೂಗಡ್ಡೆ ಸುಲಿಯೋಕೆ ಕೂರಿಸಿದ್ರು. ಅವರ ಜಾಗ ನನಗೆ ಕೊಟ್ರು. ನಾಲ್ಕು ವರ್ಷ ನನ್ನ ಕಣ್ಣೆದುರಿಗೇ ಸುಲಿದ್ರು. ಒಂದು ದಿನ ನನ್ನನ್ನ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು." ಅತ್ತೆ ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ತಟ್ಟಿ ತೋರಿಸಿದರು. "ಈಗ ನಾನು ಕೂತಿದ್ದೀನಿ. ಸರಿಯಾಗೇ ಇದೆ ಬಿಡು."

ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವಳು ನಾನೇ ತಾನೆ?

ಮರುದಿನ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಾಸನೆ ವಾಪಸ್ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. "ಅಡುಗೆ ಮಾಡಬಹುದಾ?" ಎಂದು ಅತ್ತೆ ಶಾಲೆ ಮಕ್ಕಳ ಹಾಗೆ ಕೇಳಿದರು. ಡಾಕ್ಟರು ನಕ್ಕು, "ಧಾರಾಳವಾಗಿ. ಉಳಿದ ಅಡುಗೆ ವಿಷಯದಲ್ಲಿ ಮಾತ್ರ ಮೂಗನ್ನ ನಂಬಬೇಡಿ, ಗಡಿಯಾರ ನಂಬಿ. ಮೂಗು ಚೆನ್ನಾಗಿರೋರಿಗೂ ಇದೇ ಮಾತು," ಎಂದರು.

ಮನೆಗೆ ಬಂದು ನಾನು ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲೆ ಅದರ ಜಾಗದಲ್ಲಿಟ್ಟೆ. "ಬನ್ನಿ ಅತ್ತೆ," ಎಂದೆ. ಅವರು ಬಾಗಿಲ ಹತ್ತಿರವೇ ನಿಂತರು.

"ಬೇಡಮ್ಮ. ನನಗೆ ಧೈರ್ಯ ಇಲ್ಲ. ಮಗೂ ಮುಖ ಅವತ್ತು ಹೇಗಾಗಿತ್ತು, ಕಣ್ಣಿಂದ ಹೋಗ್ತಿಲ್ಲ."

"ಆಸ್ಪತ್ರೇಲಿ ಏನ್ಮಾಡ್ತಿದ್ರಿ? ಇನ್ನೂರು ಜನರ ಅಡುಗೇನ ಬರೀ ಮೂಗಿನ ಮೇಲೆ ಬಿಟ್ಟಿದ್ರಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ಅಲ್ಲಿ ಸೀಮೆಸುಣ್ಣ ಇತ್ತು." ದನಿಗೆ ಸ್ವಲ್ಪ ಜೀವ ಬಂತು. "ಪ್ರತಿ ಮುಚ್ಚಳದ ಮೇಲೆ ಬರೀಬೇಕು. ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ, ತಣ್ಣಗಿಟ್ಟಿದ್ದು ಎಷ್ಟು ಗಂಟೆಗೆ. ನಡುವೆ ಎರಡು ಗಂಟೆ ದಾಟಿದ್ರೆ ಮಾತಿಲ್ಲ, ಚೆಲ್ಲೋದೇ. ಬರೆಯದ ಪಾತ್ರೇನ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ಮೊದಲ ಚಮಚ."

"ಅದೇನದು?" ಎಂದಳು ವಕೀಲಮ್ಮ. ಶಾಲೆಯಿಂದ ಆಗಷ್ಟೇ ಬಂದಿದ್ದಳು, ಚೀಲ ಇನ್ನೂ ಬೆನ್ನ ಮೇಲೇ ಇತ್ತು.

"ಹಿಂದಿನ ದಿನದ್ದು ಏನೇ ಇರ್ಲಿ, ಬೆಳಗ್ಗೆ ಹತ್ತು ಗಂಟೆಗೆ ದೊಡ್ಡ ಅಡುಗೆಯವರು ಮೊದಲು ತಿನ್ನಬೇಕು. ಮಧ್ಯಾಹ್ನ ಒಂದು ಗಂಟೆ ತನಕ ಕಾಯಬೇಕು. ಅವರಿಗೆ ಏನೂ ಆಗ್ಲಿಲ್ಲ ಅಂದ್ರೆ ಆಮೇಲೆ ರೋಗಿಗಳಿಗೆ."

"ಅದು ಆಸ್ಪತ್ರೇಲಿ. ಮನೇಲಿ?"

"ಮನೇಲಿ ಬಿಡ್ತೀನಾ? ಮನೇಲಿ ಇನ್ನೂ ಜಾಸ್ತಿ."

"ಅಂದ್ರೆ ದಿನಾ? ನಾವು ಹೋದ್ಮೇಲೆ?"

"ಹೂಂ. ಹತ್ತು ಗಂಟೆಗೆ. ರೂಢಿ ಆಗ್ಬಿಟ್ಟಿದೆ."

ಮಗಳು ಚೀಲ ಕೆಳಗಿಳಿಸಿದಳು. "ಹಾಗಾದ್ರೆ ಅವತ್ತು?"

ಅತ್ತೆ ನೀರಿನ ಲೋಟ ಎತ್ತಿಕೊಳ್ಳಲು ಹೋದರು.

"ಅಜ್ಜಿ, ಅವತ್ತು?"

"ತಿಂದಿದ್ದೆ ಕಣೇ. ಒಂದು ಬಟ್ಟಲು. ಒಂದು ಗಂಟೆ ತನಕ ಏನೂ ಆಗ್ಲಿಲ್ಲ. ಅದಕ್ಕೇ ನಿನಗೆ ಹಾಕ್ದೆ."

"ಆಮೇಲೆ?"

"ಆಮೇಲೆ ನಿನಗೆ ಆಗಿದ್ದೇ ನನಗೂ ಆಯ್ತು. ಅದನ್ನೆಲ್ಲ ಯಾಕೆ ಈಗ?"

ಅವತ್ತು ಸಂಜೆ ಅತ್ತೆ ಪದೇಪದೇ ಬಚ್ಚಲಿಗೆ ಹೋಗುತ್ತಿದ್ದರು. ಮಗಳ ಬಟ್ಟೆ ಒಗೆಯಲು ಎಂದುಕೊಂಡಿದ್ದೆ. ಡಾಕ್ಟರ ಮುಂದೆ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಿದ್ದರು. ತಪ್ಪು ಮಾಡಿದ್ದಕ್ಕೆ ಹೆದರಿದ್ದಾರೆ ಎಂದುಕೊಂಡಿದ್ದೆ. ಎರಡು ದಿನ ಮಗಳ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸಿದವರು ತಾವೇನು ತಿಂದರು ಎಂದು ನಾನು ಕೇಳಲೇ ಇಲ್ಲ. ಮೂರನೆಯ ದಿನ ಅವರ ಮೈಯಲ್ಲಿ ತ್ರಾಣವಿಲ್ಲದಾಗ ನಾನು ಅಷ್ಟೆಲ್ಲ ಅಂದೆ. ಅದಕ್ಕೇ ಅವರು ತಿರುಗಿ ಒಂದು ಮಾತೂ ಆಡಲಿಲ್ಲವೋ ಏನೋ.

ಹತ್ತು ವರ್ಷ. ರಾತ್ರಿ ನನ್ನ ತಟ್ಟೆಗೆ ಬಿದ್ದ ಪ್ರತಿ ಬಿಲ್ಲೆ, ಪ್ರತಿ ಸೂಪನ್ನು ಇವರು ಮೊದಲು ತಮ್ಮ ಹೊಟ್ಟೆಗೆ ಹಾಕಿಕೊಂಡು ನೋಡಿದ್ದಾರೆ. ನಾನು ತಿಂದು, ತಟ್ಟೆ ತೊಳೆದಿಟ್ಟು, ಉಳಿದದ್ದು ಬಳಿದದ್ದು ಅಂದೆ.

"ತಪ್ಪಾಯ್ತು ಅತ್ತೆ," ಎಂದೆ. ಇನ್ನೇನೋ ಹೇಳಬೇಕಿತ್ತು. ಅಳು ಬಂದುಬಿಟ್ಟಿತು. "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?"

"ಏ, ಋಣ ಗಿಣ ಅಂತೆಲ್ಲ ದೊಡ್ಡ ಮಾತು ಬೇಡ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಸೌಟು ತಗೊಂಡು ಹೊಡೀತಿದ್ದೆ." ಅತ್ತೆ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು. "ಅಳ್ಬೇಡ. ಅತ್ಕೊಂಡು ಹಾಲಿಟ್ರೆ ಮತ್ತೆ ಉಕ್ಕತ್ತೆ."

ಆ ಸಂಜೆ ಗಂಡ ಸೀಮೆಸುಣ್ಣದ ಪೆಟ್ಟಿಗೆ ತಂದರು. ಫ್ರಿಜ್ಜಿನಲ್ಲಿ ಒಂದು ಅಂತಸ್ತು ಖಾಲಿ ಮಾಡಿ, ಒಲೆಯ ಮೇಲಿನ ಗೋಡೆಗೆ ದೊಡ್ಡ ಗಡಿಯಾರ ಹೊಡೆದರು. ವಕೀಲಮ್ಮ ಕಾಯಿದೆಗಳನ್ನು ಬರೆದು ಬಾಗಿಲಿಗೆ ಅಂಟಿಸಿದಳು. ಮೂಗಿನ ಇಲಾಖೆ ತನ್ನದು, ನೆಗಡಿಯಾದರೆ ಅಪ್ಪನದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅತ್ತೆ ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು ಕೂತರು. ನಾನು ಬೇಕೆಂದೇ, "ಸಾಕು ಅತ್ತೆ, ನಾಲ್ಕು ಜನ," ಎಂದೆ. ಅವರು ಕೇಳಿಸಿಕೊಂಡರೆ ತಾನೆ! ಬುಟ್ಟಿಯ ತಳ ಕಂಡ ಮೇಲೆಯೇ ಎದ್ದರು. ಆ ಹೆಚ್ಚುವ ಸದ್ದು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅಷ್ಟು ಆಲೂಗಡ್ಡೆಯನ್ನು ಒಬ್ಬಳೇ ತಿನ್ನು ಅಂದಿದ್ದರೂ ತಿನ್ನುತ್ತಿದ್ದೆ.

ಮುಂದಿನ ಭಾನುವಾರ ಹತ್ತು ಗಂಟೆ. ಕಟ್ಟೆಯ ಮೇಲೆ ಹಿಂದಿನ ದಿನದ ಬೇಳೆ ತರಕಾರಿಯ ಪಾತ್ರೆ. ಮುಚ್ಚಳದ ಮೇಲೆ ಅತ್ತೆಯ ದುಂಡನೆಯ ಅಕ್ಷರ: ಶನಿವಾರ, ಇಳಿಸಿದ್ದು ಹನ್ನೆರಡೂಕಾಲು, ಒಳಗಿಟ್ಟಿದ್ದು ಒಂದೂವರೆ. ವಕೀಲಮ್ಮ ಗಡಿಯಾರ ನೋಡಿ, ಲೆಕ್ಕ ಹಾಕಿ, ಮುಚ್ಚಳ ಎತ್ತಿ ಮೂಸಿ, "ಆಕ್ಷೇಪಣೆ ಇಲ್ಲ," ಎಂದಳು. ಪಾತ್ರೆ ಒಲೆಗೇರಿ ಕುದಿಯಿತು. ಅತ್ತೆಯ ಕೈ ತಂತಾನೇ ಬಟ್ಟಲು ಚಮಚಕ್ಕೆ ಹೋಯಿತು.

ನಾನು ಅವರ ಕೈಯಿಂದ ಚಮಚ ತೆಗೆದುಕೊಂಡೆ.

"ಏ, ಕೊಡಿಲ್ಲಿ! ದೊಡ್ಡ ಅಡುಗೆಯವರು ತಿನ್ನಬೇಕು ಅದನ್ನ."

"ಹತ್ತು ವರ್ಷ ನೀವು ತಿಂದ್ರಿ. ಇನ್ಮೇಲೆ ಭಾನುವಾರದ್ದು ನನ್ನದು."

"ಶನಿವಾರದ್ದು ನನ್ನದು," ಎಂದರು ಗಂಡ ಹೊರಗಿನಿಂದ.

ಅತ್ತೆ ಚಮಚಕ್ಕೆ ಚಾಚಿದ ಕೈ ಹಿಂತೆಗೆದುಕೊಂಡರು. ನಾನು ಬಟ್ಟಲಿಗೆ ಬಡಿಸಿಕೊಂಡು, ಆರಿಸಿ, ಬಾಯಿಗಿಟ್ಟೆ. ಅವರು ನನ್ನ ಎದುರು ನಿಂತು, ನಾನು ಅಗಿಯುವುದನ್ನು, ನುಂಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

"ಹೇಗಿದೆ?"

ಚೆನ್ನಾಗಿತ್ತು. ಆದರೆ ಒಂದು ಕೊರತೆ ಇತ್ತು. ವಾಸನೆ ಇಲ್ಲದವರ ನಾಲಿಗೆಯೂ ಸ್ವಲ್ಪ ಮಂಕಾಗಿರುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಸುಳ್ಳು ಹೇಳಿದರೆ ಈ ಮನೆಯಲ್ಲಿ ಮತ್ತೆ ಯಾರೋ ಒಬ್ಬರು ಏನನ್ನೋ ಮುಚ್ಚಿಟ್ಟ ಹಾಗಾಗುತ್ತದೆ.

"ಉಪ್ಪು ಸ್ವಲ್ಪ ಕಡಿಮೆ ಅತ್ತೆ," ಎಂದೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಅಟ್ಟಕ್ಕೆ ಕೈ ಚಾಚಿ ಉಪ್ಪಿನ ಡಬ್ಬಿ ಇಳಿಸಿ, ಮುಚ್ಚಳ ಬಿಚ್ಚಿ, ನನ್ನ ಮುಂದೆ ಹಿಡಿದರು.

"ನೀನೇ ಹಾಕಮ್ಮ," ಎಂದರು. "ನೋಡ್ಕೊಂಡು ಹಾಕು. ಆರು ಜನರ ಊಟ ಅದು."